ಡಬ್ಬಿಯ ಮೇಲೆ ಬರೆಯದೆ ಬಿಟ್ಟದ್ದನ್ನು ಕೇಳುವ ಹಕ್ಕು

ಕೇರಳದ ಕೊಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯಿಂದ ಬಂದ 22 ಜನರನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ಕಾಯಿಲೆಯ ಒಂದು ಅಪರೂಪದ ಬಗೆ ಬಂದಿತ್ತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಲೆಂದು ಕ್ರೀಮ್ ಹಚ್ಚುತ್ತಿದ್ದವರು. ಅನುಮಾನ ಹೋದದ್ದು ಕ್ರೀಮಿನೊಳಗಿನ ಪಾದರಸದ ಮೇಲೆ.

ಅಂಥ ಕ್ರೀಮು ನಮ್ಮ ಬೆಂಗಳೂರಿಗೂ ಬರಬಹುದಾದ ದಾರಿಗಳು ಹಲವು. ಪೀಣ್ಯದ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ರಸ್ತೆಬದಿಯಲ್ಲಿ ನಿಲ್ಲುವ ಗಾಡಿ ಒಂದು. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ವಾಟ್ಸ್ಆ್ಯಪ್ ಗುಂಪಿನ ಮೂಲಕ ಕೈಗೆ ಬರುವ, ಯಾವ ಊರಿನದೆಂದು ಗೊತ್ತಿಲ್ಲದ ‘ನೈಟ್ ಕ್ರೀಮ್’ ಇನ್ನೊಂದು. ವೈಟ್‌ಫೀಲ್ಡ್‌ನಲ್ಲಿ ಆ್ಯಪ್ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ಪೊಟ್ಟಣ ಮತ್ತೊಂದು. ಗಾಡಿಯಲ್ಲಿ ಕೊಂಡ ಹೆಲ್ಪರ್‌ಗೂ ಆ್ಯಪ್‌ನಲ್ಲಿ ಕೊಂಡ ಎಂಜಿನಿಯರ್‌ಗೂ ಇರುವ ಕಾನೂನು ಒಂದೇ: 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ, ಅದರಡಿ ಬಂದ 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳು.

ಜಾಲತಾಣಗಳಲ್ಲಿ ಪ್ಯಾರಬೆನ್, ಸಲ್ಫೇಟ್ ಎಂಬ ಹೆಸರುಗಳ ಬಗ್ಗೆ ಹಬ್ಬಿರುವ ಭಯ ನಿಜವಾದ ಅಪಾಯದಿಂದ ನಮ್ಮ ಗಮನ ಬೇರೆಡೆಗೆ ಸೆಳೆಯುತ್ತಿದೆ ಎಂಬುದು ನನ್ನ ಅಭಿಪ್ರಾಯ. ಅವು ಲೇಬಲ್ಲಿನ ಮೇಲೆ ಅಚ್ಚಾಗಿರುತ್ತವೆ. ಬೇಡವೆಂದವರು ಓದಿ ಬಿಡಬಹುದು. ಪಾದರಸವನ್ನೂ ಸ್ಟೀರಾಯ್ಡನ್ನೂ ಬೆರೆಸುವವರು ಆ ಹೆಸರನ್ನು ಅಚ್ಚು ಹಾಕಿಸುವುದು ಅಪರೂಪ. ಹಾಗಾಗಿ ಭಯಪಡಬೇಕಾದದ್ದು ಬರೆಯದೆ ಬಿಟ್ಟದ್ದಕ್ಕೆ.

ಪ್ರಸಾಧನದಲ್ಲಿ ಪಾದರಸ ಸೇರಿಸುವುದೇ ನಿಷಿದ್ಧ. ತಯಾರಿಕೆಯಲ್ಲಿ ಅರಿವಿಲ್ಲದೆ ಬೆರೆತರೂ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ ಮೀರುವಂತಿಲ್ಲ. ಕಣ್ಣಿನ ಸುತ್ತ ಬಳಸುವವಕ್ಕೆ ಮಾತ್ರ 70 ಭಾಗದ ಮಿತಿ ಇದೆ. ಎಲ್ಲಾದರೂ ಹೆಸರು ಬರೆದಿದ್ದರೆ ಅದು ಕ್ಯಾಲೊಮೆಲ್, ಮರ್ಕ್ಯುರಿಕ್ ಅಯೊಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂದಿರಬಹುದು. ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ’ ಎಂಬ ಸೂಚನೆ ಕಂಡರೂ ಆ ಡಬ್ಬಿ ಬೇಡ. ಒಳಗೆ ಪಾದರಸವಿದೆ ಎಂಬುದಕ್ಕೆ ಅದೊಂದು ಸುಳಿವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಸ್ಟೀರಾಯ್ಡಿನ ಕಥೆ ಬೇರೆ. ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಲ್ಲವೂ ಔಷಧಗಳು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳ ಮೇಲೆ ಹಿಡಿತ ಬಿಗಿ ಮಾಡಿತು. ಆದರೂ ‘ಮುಖಕ್ಕೆ ಒಳ್ಳೇದು’ ಎಂಬ ಮಾತಿನ ಜೊತೆ ಅವು ಕೈಬದಲಾಗುತ್ತವೆ. ವಾರದೊಳಗೆ ಮುಖ ಹೊಳೆಯುತ್ತದೆ. ಹಚ್ಚುವುದು ನಿಲ್ಲಿಸಿದರೆ ಉರಿ, ಕೆಂಪು, ಮೊಡವೆ. ಮತ್ತೆ ಅದೇ ಟ್ಯೂಬು. ಇದರಲ್ಲಿ ಸಿಕ್ಕಿಬಿದ್ದವರು ತಾವೇ ಏನೋ ತಪ್ಪು ಮಾಡಿದ್ದೇವೆಂದು ನಾಚಿ ಸುಮ್ಮನಿರುತ್ತಾರೆ. ನಾಚಬೇಕಾದವರು ಅವರಲ್ಲ, ಚೀಟಿ ಕೇಳದೆ ಮಾರಿದವರು.

ತುಟಿಬಣ್ಣ, ಕಾಡಿಗೆ, ಕುಂಕುಮದ ಚಿಂತೆ ಬಣ್ಣದ್ದು. ಭಾರತೀಯ ಮಾನಕ ಬ್ಯೂರೊ ಒಪ್ಪಿದ ಬಣ್ಣಗಳನ್ನಷ್ಟೇ ಬಳಸಬೇಕು. ಅವುಗಳಲ್ಲೂ ಸೀಸ ಹತ್ತು ಲಕ್ಷ ಭಾಗಕ್ಕೆ 20, ಆರ್ಸೆನಿಕ್ 2 ಭಾಗ ದಾಟಬಾರದು. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಔಷಧ ಆಡಳಿತ ಇಲಾಖೆ ಗುಣಮಟ್ಟವಿಲ್ಲವೆಂದು ಪ್ರಕಟಿಸಿದ 15 ಸರಕುಗಳ ಪಟ್ಟಿಯಲ್ಲಿ ಔಷಧಗಳ ನಡುವೆ ಒಂದು ಕುಂಕುಮವೂ ಇತ್ತು. ದೇವರ ಮುಂದೆ ಇಡುವ ವಸ್ತುವಾದರೂ ಹಣೆಗೆ ಹಚ್ಚುವ ಮೇಲೆ ಅದಕ್ಕೆ ಈ ಕಾನೂನು ಅನ್ವಯಿಸುತ್ತದೆ.

ತಲೆಗೂದಲ ಬಣ್ಣದ ವಿಚಾರದಲ್ಲಿ ಕನ್ನಡಿಗರು ಕೇಳಿ ಪಡೆಯಬೇಕಾದ ಹಕ್ಕೊಂದಿದೆ. ಪಿಪಿಡಿ (ಪ್ಯಾರಾ-ಫಿನೈಲಿನ್ ಡೈಅಮೀನ್) ಎಂಬಂಥ ರಾಸಾಯನಿಕವಿರುವ ಡೈಗಳ ಮೇಲೆ ಚರ್ಮಕ್ಕೆ ತೊಂದರೆಯಾಗಬಹುದೆಂಬ ಎಚ್ಚರಿಕೆ ಇರಬೇಕು, ಹುಬ್ಬು ಮತ್ತು ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದೆಂಬ ಮಾತೂ ಇರಬೇಕು, ಅದು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಎನ್ನುತ್ತದೆ ನಿಯಮ. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ 24 ಗಂಟೆ ಕಾಯುವ ಪರೀಕ್ಷೆಯ ವಿವರ ಪೊಟ್ಟಣದೊಳಗೆ ಇರಬೇಕು. ಆ ಪರೀಕ್ಷೆ ಬಿಡಬೇಡಿ. ನಾಳೆ ಪರಿಹಾರ ಕೇಳಿದಾಗ ‘ಸೂಚನೆ ಪಾಲಿಸಲಿಲ್ಲ’ ಎಂಬುದೇ ಕಂಪನಿಯ ಮೊದಲ ವಾದವಾಗಬಹುದು.

ಪಾರ್ಲರಿನ ಕೂದಲು ನೇರಗೊಳಿಸುವ ದ್ರಾವಣಗಳಲ್ಲಿ ಕೆಲವು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಮಾಡಿದ್ದಾರೆ. ಬಾಟಲಿ ತೋರಿಸಿ ಎಂದು ಕೇಳಿ, ಫೋಟೋ ತೆಗೆದುಕೊಳ್ಳಿ. ನಿಮಗೆ ಕಣ್ಣುರಿ ಬಂದರೆ ದಿನವಿಡೀ ಅದೇ ಕೋಣೆಯಲ್ಲಿ ನಿಂತು ದುಡಿಯುವ ಹುಡುಗಿಯ ಗತಿಯನ್ನೂ ನೆನೆಯಿರಿ. ನಿಮ್ಮ ದೂರು ಅವಳ ಪರವಾಗಿಯೂ ಇರುತ್ತದೆ.

ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವಾಗಿನವರೆಗೆ ಬಳಸಬಹುದೆಂಬ ದಿನಾಂಕ, ಒಳಗೇನಿದೆ ಎಂಬ ಪಟ್ಟಿ ಇರಬೇಕು. ವಿದೇಶದ್ದಾದರೆ ನೋಂದಣಿ ಪತ್ರದ ಸಂಖ್ಯೆ, ಆಮದುದಾರರ ಹೆಸರು, ವಿಳಾಸ ಬೇಕೇ ಬೇಕು. ‘ಕೊರಿಯಾದ್ದು’, ‘ದುಬೈನದ್ದು’ ಎಂಬ ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ನಿಯಮದ ಪ್ರಕಾರ ಲೇಬಲ್ ಇಲ್ಲದ ಸರಕು ‘ತಪ್ಪು ಹೆಸರಿನದು’. ಬೇರೆಯವರ ಹೆಸರಿನಲ್ಲಿ ಮಾಡಿದ್ದು ‘ನಕಲಿ’. ಆರೋಗ್ಯಕ್ಕೆ ಹಾನಿ ಮಾಡುವ ವಿಷವಸ್ತು ಇದ್ದರೆ ‘ಕಲಬೆರಕೆ’. ಕೊನೆಯ ಎರಡಕ್ಕೆ ಮೂರು ವರ್ಷದವರೆಗೆ ಜೈಲು, ಕನಿಷ್ಠ 50,000 ರೂಪಾಯಿ ದಂಡ. ನಕಲಿ ಮಾಡುವವರು ದೊಡ್ಡ ಹೆಸರಿಗೂ ಅಂಜುವುದಿಲ್ಲ: ಸರ್ಕಾರವೇ ತಯಾರಿಸುವ ಮೈಸೂರು ಸ್ಯಾಂಡಲ್ ಸೋಪಿನ ನಕಲು ಮಾಡುತ್ತಿದ್ದ ಘಟಕ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿಬಿತ್ತು.

ಇನ್ನು ಹೆಚ್ಚು ಜನ ಬಳಸದ ಅಸ್ತ್ರ: ಕಾಯ್ದೆಯ 26ನೇ ಸೆಕ್ಷನ್. ಯಾವ ವ್ಯಕ್ತಿಯಾದರೂ ತಾನು ಕೊಂಡ ಪ್ರಸಾಧನವನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಪರೀಕ್ಷೆಗೆ ಕೊಡಬಹುದು. ವಿಶ್ಲೇಷಕರು ಸಹಿ ಹಾಕಿದ ವರದಿ ಪಡೆಯುವುದು ಕೊಂಡವರ ಹಕ್ಕು. ವಕೀಲರೇ ಬೇಕೆಂದಿಲ್ಲ. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯ ಬೆಂಗಳೂರಿನ ಅರಮನೆ ರಸ್ತೆಯಲ್ಲಿದೆ. ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲೂ ಇವೆ. ಸಾಧ್ಯವಾದರೆ ಅದೇ ಬ್ಯಾಚಿನ ಇನ್ನೊಂದು, ಸೀಲ್ ಒಡೆಯದ ಡಬ್ಬಿ ಕೊಂಡು ಬಿಲ್ಲಿನ ಸಮೇತ ಕೊಡಿ, ತೆರೆದ ಡಬ್ಬಿಯನ್ನು ನೀವೇ ಬೆರೆಸಿದ್ದೀರಿ ಎನ್ನಲು ಯಾರಿಗೂ ಅವಕಾಶ ಬೇಡ. ಸ್ವೀಕೃತಿ ಪಡೆಯಿರಿ. ಜೊತೆಗೆ ಅಂಗಡಿಯಿಂದ ಮಾದರಿ ತೆಗೆಯುವಂತೆ ಔಷಧ ಪರಿವೀಕ್ಷಕರಿಗೂ ಬರೆಯಿರಿ. ಅವರು ಕೇಳಿದರೆ ಅಂಗಡಿಯವರು ಸರಕು ಎಲ್ಲಿಂದ ಬಂತೆಂದು ಹೇಳಲೇಬೇಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದೊಳಗೆ ಉತ್ತರಿಸಬೇಕು. ನೊಂದ ವ್ಯಕ್ತಿಯೇ ನ್ಯಾಯಾಲಯಕ್ಕೆ ದೂರು ಕೊಡಲೂ 32ನೇ ಸೆಕ್ಷನ್ ಅವಕಾಶ ಕೊಟ್ಟಿದೆ.

ಪರಿಹಾರಕ್ಕೆ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ನೀವು ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೆ ಅಲ್ಲಿಗೆ ಹೋಗಬೇಕಿಲ್ಲ. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಹಾಗಾಗಿ ಇನ್ನೂರು ರೂಪಾಯಿಯ ಕ್ರೀಮಿನ ದೂರಿಗೆ ಒಂದು ಪೈಸೆಯೂ ಬೇಡ. ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು. ಗಡುವು ಎರಡು ವರ್ಷ. ತಯಾರಕರು ಯಾರೆಂದೇ ಗೊತ್ತಾಗದ ಸರಕಾದರೆ ಹೊಣೆ ಮಾರಿದವರ ಮೇಲೆ ಬೀಳುತ್ತದೆಂದು 86ನೇ ಸೆಕ್ಷನ್ ಹೇಳುತ್ತದೆ. ಆ್ಯಪ್‌ಗಳ ದೂರು ಅಧಿಕಾರಿ 48 ಗಂಟೆಯಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮೊದಲ ಸಲಹೆಗೆ ಗ್ರಾಹಕ ಸಹಾಯವಾಣಿ 1915 ಇದೆ.

ಪುರಾವೆಗಳಲ್ಲಿ ತೂಕವಿರುವುದು ವೈದ್ಯರ ಚೀಟಿಗೆ. ಇಎಸ್‌ಐ ಕಾರ್ಡ್ ಇರುವವರು ಪೀಣ್ಯದ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸುವಾಗ ಯಾವ ಕ್ರೀಮು, ಎಷ್ಟು ದಿನ ಹಚ್ಚಿದ್ದು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಕಾಲು, ಮುಖ ಊದಿದ್ದರೆ, ಮೂತ್ರ ನೊರೆಯಾಗುತ್ತಿದ್ದರೆ ಅದನ್ನೂ ಹೇಳಿ, ಮೂತ್ರ ಪರೀಕ್ಷೆ ಮಾಡಿಸಿ. ಹೆಂಗಸರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಗಾಡಿಯಲ್ಲಿ ಬಿಲ್ಲಿಲ್ಲದೆ ಕೊಂಡವರು ಫೋನ್‌ನಲ್ಲಿರುವ ಯುಪಿಐ ಪಾವತಿಯ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಲಿ. ನಗದು ಕೊಟ್ಟು ಕೊಂಡವರಿಗೆ ಅದೂ ಇರುವುದಿಲ್ಲ. ಆದರೂ ಗಾಡಿ ಎಲ್ಲಿ, ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಇಲಾಖೆಗೆ ಬರೆದು ತಿಳಿಸಲು ಬಿಲ್ ಬೇಕಿಲ್ಲ.