ಸಂಬಳದ ಪಟ್ಟಿ ಹಿಡಿದು ತಂಡ ಕಟ್ಟುವುದು

ಇಂಗ್ಲೆಂಡಿನ ಎರಡನೇ ಹಂತದ ಫುಟ್‌ಬಾಲ್ ಲೀಗ್ ಆದ ಚಾಂಪಿಯನ್‌ಷಿಪ್‌ನಲ್ಲಿ ಆಡುವ ಕ್ಲಬ್ಬೊಂದರಲ್ಲಿ ಆಟಗಾರರ ಕರಾರು, ಸಂಬಳಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚು ಹಣವಿಲ್ಲದ ಕ್ಲಬ್ ಹಣವಂತರ ಎದುರು ನಿಲ್ಲುವುದು ಹೇಗೆ ಎಂದು ಈ ಕೆಲಸ ಕಲಿಸಿದ್ದು ಇಷ್ಟು.

1. ಬೆಲೆಗಿಂತ ಮೊದಲು ಸಂಬಳ ನೋಡಿ.
ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವುದು ಟ್ರಾನ್ಸ್‌ಫರ್ ಮೊತ್ತ. ಒಬ್ಬನನ್ನು 1 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಕರಾರಿಗೆ ತಂದರೆ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 20 ಲಕ್ಷ ಬೀಳುತ್ತದೆ. ವಾರಕ್ಕೆ 40,000 ಪೌಂಡ್ ಸಂಬಳವೆಂದರೆ ಅದೂ ವರ್ಷಕ್ಕೆ 20 ಲಕ್ಷ ದಾಟುತ್ತದೆ. ಅಲ್ಲಿಗೆ ಐದು ವರ್ಷದಲ್ಲಿ ಆತನ ನಿಜವಾದ ಖರ್ಚು 2 ಕೋಟಿಗೂ ಹೆಚ್ಚು. ಆಡದಿದ್ದರೆ ಮಾರಿಬಿಡೋಣ ಎನ್ನುತ್ತಾರೆ. ಅಷ್ಟೇ ಸಂಬಳ ಬೇರೆಯವರು ಕೊಡದಿದ್ದರೆ ಆತ ಕದಲುವುದಿಲ್ಲ, ಕದಲಬೇಕಾಗಿಯೂ ಇಲ್ಲ. ಕರಾರಿಗೆ ನಾವೇ ಸಹಿ ಹಾಕಿರುತ್ತೇವೆ. ಸೈಮನ್ ಕೂಪರ್ ಮತ್ತು ಸ್ಟೀಫನ್ ಶಿಮಾನ್‌ಸ್ಕಿ ‘ಸಾಕರ್‌ನಾಮಿಕ್ಸ್’ ಪುಸ್ತಕದಲ್ಲಿ ತೋರಿಸಿದ್ದೂ ಇದನ್ನೇ: ಕ್ಲಬ್ ಲೀಗಿನಲ್ಲಿ ಎಷ್ಟನೇ ಸ್ಥಾನಕ್ಕೆ ನಿಲ್ಲುತ್ತದೆ ಎಂಬುದಕ್ಕೆ ಹತ್ತಿರದ ಸಂಬಂಧವಿರುವುದು ಒಟ್ಟು ಸಂಬಳದ್ದು, ಖರೀದಿ ಖರ್ಚಿನದಲ್ಲ.

2. ಬದಲಿ ಬಂದ ಮೇಲೆ ಮಾರಿ.
ಬ್ರೆಂಟ್‌ಫರ್ಡ್ ಕ್ಲಬ್ 2017ರಲ್ಲಿ ಎಕ್ಸಿಟರ್‌ನಿಂದ ಓಲಿ ವಾಟ್ಕಿನ್ಸ್‌ನನ್ನು ಸುಮಾರು 18 ಲಕ್ಷ ಪೌಂಡಿಗೆ ತಂದು, 2020ರಲ್ಲಿ ಆಸ್ಟನ್ ವಿಲ್ಲಾಗೆ ಸುಮಾರು 2.8 ಕೋಟಿಗೆ ಮಾರಿತು. ಎಲ್ಲರೂ ಮೆಚ್ಚುವುದು ಆ ಲಾಭವನ್ನು. ನಾನು ಮೆಚ್ಚುವುದು ತಾರೀಖುಗಳನ್ನು. ವಾಟ್ಕಿನ್ಸ್ ಬದಲಿಗೆ ಪೀಟರ್‌ಬರೋದಿಂದ ಐವನ್ ಟೋನಿ ಬಂದದ್ದು ಆ ವರ್ಷದ ಆಗಸ್ಟ್ ಕೊನೆಗೆ. ವಾಟ್ಕಿನ್ಸ್ ಹೋದದ್ದು ಸೆಪ್ಟೆಂಬರಿನಲ್ಲಿ. ಮೊದಲು ಮಾರಿದ್ದರೆ ಬ್ರೆಂಟ್‌ಫರ್ಡ್ ಕೈಯಲ್ಲಿ ಹಣವಿದೆಯೆಂದು ಪೀಟರ್‌ಬರೋಗೂ ಗೊತ್ತಾಗಿ ಬೆಲೆ ಏರುತ್ತಿತ್ತು. ಟೋನಿ ಆ ಸೀಸನ್ನಿನ ಲೀಗ್ ಪಂದ್ಯಗಳಲ್ಲಿ 31 ಗೋಲು ಹೊಡೆದ. 2021ರಲ್ಲಿ ಕ್ಲಬ್ ಪ್ರೀಮಿಯರ್ ಲೀಗಿಗೆ ಏರಿತು.

3. ಎರಡು ವರ್ಷ ಬಾಕಿ ಇರುವಾಗಲೇ ಮಾತಿಗೆ ಕೂರಿ.
1995ರ ಬೋಸ್ಮನ್ ತೀರ್ಪಿನ ಮೇಲೆ ಕರಾರು ಮುಗಿದ ಆಟಗಾರ ಬಿಟ್ಟಿಯಾಗಿ ಹೋಗಬಹುದು. ನನ್ನ ಕಂಪ್ಯೂಟರಿನ ಪಟ್ಟಿಯಲ್ಲಿ ಹೆಸರಿನ ಪಕ್ಕದ ಅಂಕಣವೇ ಕರಾರು ಮುಗಿಯುವ ತಿಂಗಳು. ಇಪ್ಪತ್ನಾಲ್ಕು ತಿಂಗಳಿಗೆ ಇಳಿದರೆ ಹಳದಿ, ಹನ್ನೆರಡಕ್ಕೆ ಇಳಿದರೆ ಕೆಂಪು. ಹಳದಿ ಇರುವಾಗ ಏಜೆಂಟ್ ನಮ್ಮ ಫೋನಿಗೆ ಕಾಯುತ್ತಾನೆ. ಕೆಂಪಾದ ಮೇಲೆ ನಾವು ಅವನ ಫೋನಿಗೆ ಕಾಯಬೇಕು.

4. ತಂಡ ಕೆಳಗಿಳಿದರೆ ಸಂಬಳವೂ ಇಳಿಯಬೇಕು.
ಈ ಷರತ್ತು ಇಲ್ಲದ ಕರಾರಿಗೆ ಸಹಿ ಬೇಡ, ಎಂಥ ಆಟಗಾರನೇ ಆಗಲಿ. ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿತ್ತು. ಮುಂದೆಯೂ ಆ ಆದಾಯ ಬಂದೇ ಬರುತ್ತದೆಂದು ಸಾಲ ಮಾಡಿ ತಂಡ ಕಟ್ಟಿದ ಕ್ಲಬ್ 2004ರಲ್ಲಿ ಪ್ರೀಮಿಯರ್ ಲೀಗಿನಿಂದಲೇ ಹೊರಬಿತ್ತು, 2007ರಲ್ಲಿ ಮೂರನೇ ಹಂತಕ್ಕೆ ಇಳಿಯಿತು. ಇಂಥ ಕುಸಿತದಲ್ಲಿ ಆಟಗಾರರು ಬೇರೆ ಕ್ಲಬ್ ಹುಡುಕಿಕೊಳ್ಳುತ್ತಾರೆ. ಕೆಲಸ ಕಳೆದುಕೊಳ್ಳುವವರು ಟಿಕೆಟ್ ಕೌಂಟರಿನವರು, ಅಡುಗೆಮನೆಯವರು. ಅದಕ್ಕೇ ಈ ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ.

5. ಜೂನ್ 30 ಮರೆಯಬೇಡಿ.
ಐಪಿಎಲ್ ಹರಾಜಿನಲ್ಲಿ ಮಿತಿ ಮೀರಿ ಕೂಗಲು ಆಗುವುದೇ ಇಲ್ಲ. ಇಲ್ಲಿ ಫುಟ್‌ಬಾಲ್‌ನಲ್ಲಿ ಮಿತಿ ಮೀರಿ ಖರ್ಚು ಮಾಡಬಹುದು, ಶಿಕ್ಷೆ ಆಮೇಲೆ. 2023ರಲ್ಲಿ ಪ್ರೀಮಿಯರ್ ಲೀಗಿನಲ್ಲಿ ಮೂರು ವರ್ಷಗಳ ನಷ್ಟಕ್ಕೆ ಮಿತಿಯಿತ್ತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಆ ವರ್ಷ ಬ್ರೆನನ್ ಜಾನ್ಸನ್‌ನನ್ನು ಒಳ್ಳೆಯ ಬೆಲೆಗೆ ಕಾದು ಸೆಪ್ಟೆಂಬರ್ 1ಕ್ಕೆ ಟಾಟೆನ್‌ಹ್ಯಾಮ್‌ಗೆ ಮಾರಿತು. ಬೆಲೆ ಸಿಕ್ಕಿತು, ಆದರೆ ಹಿಂದಿನ ಲೆಕ್ಕದ ವರ್ಷ ಜೂನ್ 30ಕ್ಕೇ ಮುಗಿದುಹೋಗಿತ್ತು. ಮಿತಿ ಮೀರಿದ್ದಕ್ಕೆ 4 ಪಾಯಿಂಟ್ ಕಡಿತವಾಗಿ, ತಂಡ 17ನೇ ಸ್ಥಾನದಲ್ಲಿ ಹೇಗೋ ಉಳಿದುಕೊಂಡಿತು. ನಮ್ಮ ಲೀಗಿಗೂ ಹಣದ ಮಿತಿಯ ನಿಯಮವಿದೆ. ಜೂನ್ ಒಳಗೆ ಯಾರನ್ನು ಮಾರಬೇಕಾದೀತು, ಕನಿಷ್ಠ ಎಷ್ಟಕ್ಕೆ ಎಂದು ನಾನು ಏಪ್ರಿಲ್‌ನಲ್ಲೇ ಮ್ಯಾನೇಜರರಿಗೆ ಬರೆದುಕೊಡುತ್ತೇನೆ. ಸೀಸನ್ ಇನ್ನೂ ನಡೆಯುತ್ತಿರುವಾಗ ಆ ಚೀಟಿ ನೋಡಲು ಅವರಿಗೆ ಇಷ್ಟವಿರುವುದಿಲ್ಲ. ಆದರೂ ಕೊಡುತ್ತೇನೆ, ಏಕೆಂದರೆ ಬದಲಿ ಆಟಗಾರನನ್ನು ಹುಡುಕಲು ಅವರಿಗೆ ಸಿಗುವುದು ಜೂನ್‌ವರೆಗಿನ ಆ ಎರಡು ತಿಂಗಳು ಮಾತ್ರ.