ಮೂಗಿನ ಅಲರ್ಜಿಗೆ ಸೂಜಿ ಚಿಕಿತ್ಸೆ

ಬೆಳಿಗ್ಗೆ ಹಾಸಿಗೆ ಬಿಟ್ಟೇಳುತ್ತಿದ್ದಂತೆ ಒಂದರ ಹಿಂದೊಂದು ಹತ್ತು ಹದಿನೈದು ಸೀನು. ಆಮೇಲೆ ನೀರಿನಂತೆ ಸುರಿಯುವ ಮೂಗು, ಕಣ್ಣಿನಲ್ಲೂ ಅಂಗುಳಿನಲ್ಲೂ ತುರಿಕೆ. ಬಿಸಿಲೇರುವ ಹೊತ್ತಿಗೆ ಎಲ್ಲ ಶಾಂತವಾಗಿ, ರಾತ್ರಿ ಮಲಗುವಾಗ ಮತ್ತೆ ಮೂಗು ಕಟ್ಟುತ್ತದೆ. ಮನೆಯ ಹಿರಿಯರು ಇದಕ್ಕೆ 'ಶೀತ ಪ್ರಕೃತಿ' ಎಂದು ಹೆಸರಿಟ್ಟು ಮೊಸರು, ಬಾಳೆಹಣ್ಣುಗಳನ್ನು ಬಿಡಿಸಿರುತ್ತಾರೆ. ವರ್ಷಗಟ್ಟಲೆ ಮಾತ್ರೆ ನುಂಗಿ ಬೇಸತ್ತವರು ಕೊನೆಗೆ ಕೇಳುವ ಪ್ರಶ್ನೆ: "ಡಾಕ್ಟ್ರೇ, ಅಕ್ಯುಪಂಕ್ಚರ್ ಮಾಡಿಸಿದರೆ ಇದು ಬುಡಸಮೇತ ಹೋಗುತ್ತದಂತೆ, ಹೌದೆ?"

ಬುಡಸಮೇತ ಹೋಗುವುದಿಲ್ಲ. ಆದರೆ ಸ್ವಲ್ಪ ಉಪಶಮನ ಸಿಗಬಹುದೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ಅಲರ್ಜಿ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ನಿರುಪದ್ರವಿಯಾದ ವಸ್ತುವನ್ನು ಶತ್ರುವೆಂದು ತಪ್ಪಾಗಿ ತಿಳಿಯುವುದು. ಹಾಸಿಗೆ, ದಿಂಬುಗಳಲ್ಲಿರುವ ಕಣ್ಣಿಗೆ ಕಾಣದ ಧೂಳಿನ ಹುಳ, ಹೂವಿನ ಪರಾಗ, ಬೂಷ್ಟು, ಜಿರಳೆ ಇವೆಲ್ಲ ಸಾಮಾನ್ಯ ಕಾರಣಗಳು. ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂನ ಪರಾಗ ಬೆಂಗಳೂರಿನ ಜನರಲ್ಲಿ ಮೂಗಿನ ಅಲರ್ಜಿ ಉಂಟುಮಾಡುವುದನ್ನು ಸಂಶೋಧಕರು ೧೯೯೧ರಲ್ಲೇ ವರದಿ ಮಾಡಿದ್ದರು. ಇಂಥ ವಸ್ತು ಮೂಗಿನ ಲೋಳೆಪೊರೆಗೆ ತಗುಲಿದೊಡನೆ ಅಲ್ಲಿನ ಮಾಸ್ಟ್ ಕಣಗಳು ಒಡೆದು ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ಸೀನು, ತುರಿಕೆ, ಸೋರಿಕೆ ಎಲ್ಲವೂ ಅದರ ಕೆಲಸ. ಸಾಧಾರಣ ನೆಗಡಿ ವಾರ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಅಲರ್ಜಿ ಹಾಗೆ ಹೋಗುವುದಿಲ್ಲ, ಜ್ವರವೂ ಇರುವುದಿಲ್ಲ.

ಸೂಜಿ ಎಲ್ಲಿ, ಹೇಗೆ?

ಅಕ್ಯುಪಂಕ್ಚರ್ ಚೀನಾದ ಎರಡು ಸಾವಿರ ವರ್ಷಗಳಷ್ಟು ಹಳೆಯ ಪದ್ಧತಿ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರೊಡನೆ ೧೯೩೮ರಲ್ಲಿ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಡಾ. ಬಿ.ಕೆ. ಬಸು, ೧೯೫೦ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಇದನ್ನು ಕಲಿತು ಕಲ್ಕತ್ತೆಗೆ ತಂದರು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಓದುವವರಿಗೆ ಇದೂ ಒಂದು ಪಾಠ.

ಮೂಗಿನ ತೊಂದರೆಗೆ ಹೊಳ್ಳೆಗಳ ಪಕ್ಕ, ಹುಬ್ಬುಗಳ ನಡುವೆ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಮಾಂಸಲ ಭಾಗ, ಮೊಣಕಾಲಿನ ಕೆಳಗೆ ಹೀಗೆ ಕೆಲವು ಬಿಂದುಗಳಲ್ಲಿ ಕೂದಲೆಳೆಯಂಥ ಉಕ್ಕಿನ ಸೂಜಿಗಳನ್ನು ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಬಿಡುತ್ತಾರೆ. ಇಂಜೆಕ್ಷನ್ನಿನಷ್ಟು ನೋವಿಲ್ಲ. 'ಚಿ' ಎಂಬ ಪ್ರಾಣಶಕ್ತಿ ನಾಳಗಳಲ್ಲಿ ಹರಿಯುತ್ತದೆಂಬುದು ಚೀನೀಯರ ವಿವರಣೆ. ದೇಹವನ್ನು ಕೊಯ್ದು ನೋಡಿದವರಿಗೆ ಅಂಥ ನಾಳಗಳು ಸಿಕ್ಕಿಲ್ಲ. ಸೂಜಿ ನರತುದಿಗಳನ್ನು ಪ್ರಚೋದಿಸುತ್ತದೆಂಬುದು ಇಂದಿನವರ ವಿವರಣೆ.

ಪರೀಕ್ಷೆಗೆ ಒಡ್ಡಿದಾಗ

ವಿಶ್ವ ಆರೋಗ್ಯ ಸಂಸ್ಥೆ ೨೦೦೩ರಲ್ಲಿ ಪ್ರಕಟಿಸಿದ ವರದಿಯೊಂದು ಸೂಜಿ ಚಿಕಿತ್ಸೆಯಿಂದ ಗುಣ ಕಾಣುವ ಕಾಯಿಲೆಗಳ ಪಟ್ಟಿಯಲ್ಲಿ ಮೂಗಿನ ಅಲರ್ಜಿಯನ್ನೂ ಸೇರಿಸಿತ್ತು. ಅನೇಕ ಚಿಕಿತ್ಸಾಲಯಗಳ ಬೋರ್ಡಿನಲ್ಲಿ ನೀವು ನೋಡುವುದು ಆ ಪಟ್ಟಿಯನ್ನೇ. ಗಟ್ಟಿಯಿಲ್ಲದ ಅಧ್ಯಯನಗಳನ್ನೂ ನಂಬಿದೆಯೆಂದು ಅದನ್ನು ವಿಜ್ಞಾನಿಗಳು ಟೀಕಿಸಿದ್ದಾರೆ.

ಹೆಚ್ಚು ಭರವಸೆ ಇಡಬಹುದಾದದ್ದು ಜರ್ಮನಿಯ ವೈದ್ಯರು ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆ. ಬರ್ಚ್ ಮರ ಮತ್ತು ಹುಲ್ಲಿನ ಪರಾಗದ ಅಲರ್ಜಿಯಿದ್ದ ೪೨೨ ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರಗಳಲ್ಲಿ ಹನ್ನೆರಡು ಸಲ ನಿಜವಾದ ಸೂಜಿ. ಇನ್ನೊಂದಕ್ಕೆ ತೋರಿಕೆಯ ಸೂಜಿ, ಅಂದರೆ ಶಾಸ್ತ್ರದ ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲೆ ಮೇಲೆ ಚುಚ್ಚಿದ್ದು. ಮೂರನೆಯದಕ್ಕೆ ಬರೀ ಸೆಟಿರಿಝಿನ್ ಮಾತ್ರೆ. ಮೊದಲೆರಡು ಗುಂಪಿನವರೂ ಬೇಕೆನಿಸಿದಾಗ ಮಾತ್ರೆ ತೆಗೆದುಕೊಳ್ಳಬಹುದಿತ್ತು.

ತೋರಿಕೆಯ ಸೂಜಿ ಏಕೆ ಎಂದು ನೀವು ಕೇಳಬಹುದು. ಯಾರೋ ಮುತುವರ್ಜಿಯಿಂದ ನೋಡಿಕೊಂಡರೆ, ಅರ್ಧ ಗಂಟೆ ಸುಮ್ಮನೆ ಮಲಗಿಸಿದರೆ ಅಷ್ಟಕ್ಕೇ ಅರ್ಧ ಕಾಯಿಲೆ ಹಗುರಾಗುತ್ತದೆ. ಆ ಪಾಲನ್ನು ಕಳೆದು ನೋಡದಿದ್ದರೆ ಸೂಜಿಯದೇ ಗುಣ ಎಷ್ಟೆಂದು ತಿಳಿಯದು.

ಎಂಟು ವಾರಗಳ ಕೊನೆಗೆ ನಿಜವಾದ ಸೂಜಿಯವರು ಉಳಿದಿಬ್ಬರಿಗಿಂತ ಚೆನ್ನಾಗಿದ್ದರು, ಮಾತ್ರೆಯನ್ನೂ ಕಡಿಮೆ ಬಳಸಿದ್ದರು. ಆದರೆ ತೋರಿಕೆಯ ಸೂಜಿಯವರಿಗೂ ಇವರಿಗೂ ಇದ್ದ ಅಂತರ, ಸೊನ್ನೆಯಿಂದ ಆರು ಅಂಕಗಳ ಅಳತೆಯಲ್ಲಿ ಸುಮಾರು ಅರ್ಧ ಅಂಕ. ಹದಿನಾರನೆಯ ವಾರಕ್ಕೆ ಆ ಅಂತರವೂ ಅಳಿಸಿಹೋಗಿತ್ತು. ಈ ಲಾಭ ರೋಗಿಗೆ ಎಷ್ಟರಮಟ್ಟಿಗೆ ಮುಖ್ಯ ಎಂಬುದನ್ನು ಇನ್ನೂ ನೋಡಬೇಕೆಂದು ಸಂಶೋಧಕರೇ ಬರೆದರು. ಔಷಧ ಬೇಡವೆನ್ನುವವರಿಗೆ ಇದನ್ನು ಸೂಚಿಸಬಹುದು ಎಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘ ೨೦೧೫ರಲ್ಲಿ ಹೇಳಿತು. 'ಸೂಚಿಸಬಹುದು' ಎಂದಿದೆ, 'ಸೂಚಿಸಬೇಕು' ಎಂದಿಲ್ಲ. ನನ್ನ ಅಭಿಪ್ರಾಯವೂ ಅದೇ.

ಇನ್‌ಹೇಲರ್ ಬಿಟ್ಟರೆ?

ನನಗೆ ಸೂಜಿಗಿಂತ ಹೆಚ್ಚು ಭಯ ಬೇರೊಂದರದು. ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ತಂದೆತಾಯಿ ನಡುರಾತ್ರಿ ಎತ್ತಿಕೊಂಡು ಬಂದರು. ಎದೆಯಲ್ಲಿ ಸುಂಯ್‌ಗುಡುವ ಸದ್ದು, ಒಂದು ವಾಕ್ಯ ಪೂರ್ತಿ ಆಡಲು ಉಸಿರಿಲ್ಲ. "ಸೂಜಿ ಶುರುಮಾಡಿದ ಮೇಲೆ ಸೀನು ಕಡಿಮೆಯಾಯಿತು ಸಾರ್, ಇನ್ನೇಕೆ ಅಂತ ಇನ್‌ಹೇಲರ್ ನಿಲ್ಲಿಸಿದೆವು" ಎಂದರು ತಾಯಿ. ಆಮ್ಲಜನಕ, ನೆಬ್ಯುಲೈಸರ್ ಎಲ್ಲ ಆಗಿ ಬೆಳಗಿನ ಹೊತ್ತಿಗೆ ಮಗು ನಿದ್ದೆಹೋಯಿತು. ಮೂಗಿನ ಅಲರ್ಜಿ ಇರುವ ಎಷ್ಟೋ ಮಂದಿಗೆ ಜೊತೆಯಲ್ಲೇ ಉಬ್ಬಸವೂ ಇರುತ್ತದೆ. ಮೂಗು ಹಗುರಾಯಿತೆಂದರೆ ಶ್ವಾಸನಾಳದ ಊತ ಇಳಿಯಿತೆಂದು ಅರ್ಥವಲ್ಲ. ಇನ್‌ಹೇಲರನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

ಮಾಡಿಸಿಕೊಳ್ಳುವುದಾದರೆ ತರಬೇತಿ ಪಡೆದವರ ಬಳಿಗೆ ಹೋಗಿ. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಕೇಳಲು ಸಂಕೋಚ ಬೇಡ, ಒಬ್ಬರ ಸೂಜಿ ಇನ್ನೊಬ್ಬರಿಗೆ ಹೆಪಟೈಟಿಸ್-ಬಿ ತರಬಲ್ಲದು. ಗರ್ಭಿಣಿಯರು, ರಕ್ತ ತೆಳುವಾಗುವ ಔಷಧ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಪೇಸ್‌ಮೇಕರ್ ಇರುವವರಿಗೆ ಸೂಜಿಗೆ ವಿದ್ಯುತ್ ಹಾಯಿಸುವ ವಿಧಾನ ಬೇಡ. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರಬಹುದು.

ಇದರ ನಡುವೆ ಮನೆಯ ಕೆಲಸ ಮರೆಯಬೇಡಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಒಣಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ವೈದ್ಯರು ಕೊಡುವ ಸ್ಟೀರಾಯ್ಡ್ ಸ್ಪ್ರೇ ಹೆಸರು ಕೇಳಿ ಬೆಚ್ಚಬೇಕಿಲ್ಲ. ಪ್ರಮಾಣ ಬಹಳ ಕಡಿಮೆ, ಆದರೆ ಪೂರ್ಣ ಗುಣ ತೋರಲು ಒಂದೆರಡು ವಾರ ದಿನವೂ ಬಳಸಬೇಕು. ಅಂಗಡಿಯಿಂದ ನೀವೇ ತರುವ, ಮೂಗು ತಕ್ಷಣ ಬಿಡಿಸುವ ಹನಿಗಳ ಮಾತು ಬೇರೆ. ಐದಾರು ದಿನ ಮೀರಿದರೆ ಅವೇ ಮೂಗು ಕಟ್ಟಿಸುತ್ತವೆ.

ಸೂಜಿ ಚಿಕಿತ್ಸೆ ಆರಂಭಿಸುವ ಎರಡು ವಾರ ಮೊದಲಿನಿಂದಲೇ ಕ್ಯಾಲೆಂಡರಿನಲ್ಲಿ ಪ್ರತಿದಿನದ ಸೀನು, ಮೂಗು ಕಟ್ಟುವಿಕೆ, ನುಂಗಿದ ಮಾತ್ರೆಗಳನ್ನು ಗುರುತು ಹಾಕುತ್ತ ಬನ್ನಿ. ಆರು ವಾರವಾದರೂ ಆ ಗುರುತುಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಮುಂದಿನ ಕಂತಿನ ಹಣ ಕಟ್ಟಬೇಡಿ.