ಮನೆಯಲ್ಲೇ ಕೂಡಿಸಿದ ವಾಚಿನ ಲೆಕ್ಕ

ಮದುವೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟುವ ಪದ್ಧತಿ ಬಾಗಲಕೋಟೆ, ಹುನಗುಂದದ ಕಡೆ ಇನ್ನೂ ಬಿಟ್ಟುಹೋಗಿಲ್ಲ. ಒಂದು ಕಾಲಕ್ಕೆ ವಾಚು ಅಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಜನತಾ ಬೇಕು, ಕೋಹಿನೂರ್ ಬೇಕು ಎಂದು ಮಾವಂದಿರು ಹೆಸರು ಹಿಡಿದೇ ಕೇಳುತ್ತಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿತು. ಈಗಿನ ಹುಡುಗರ ಮೊಬೈಲಿನಲ್ಲಿ ಓಡಾಡುವುದು ರೋಲೆಕ್ಸ್ ಸಬ್‌ಮರೀನರ್‌ ಚಿತ್ರ. ಬೆಲೆ ಹತ್ತು ಲಕ್ಷದ ಆಸುಪಾಸು. ಹತ್ತು ಲಕ್ಷ ದಾಟಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ಅಂಗಡಿಯವರು ಶೇ 1ರಷ್ಟು ಟಿಸಿಎಸ್ ಹಿಡಿಯಬೇಕು. ರಿಟರ್ನ್ಸ್ ಸಲ್ಲಿಸುವಾಗ ಆ ಹಣ ಖರೀದಿದಾರರ ತೆರಿಗೆಗೆ ಜಮೆಯಾಗುತ್ತದೆ.

ಅಂಥದ್ದೇ ಒಂದನ್ನು ಮನೆಯಲ್ಲಿ ಕೂಡಿಸಬಹುದೇ? ಕೂಡಿಸಬಹುದು. ಈ ಅಂಕಣಕಾರ ನವನಗರದ ತನ್ನ ಮನೆಯಲ್ಲಿ ಕೂಡಿಸಿದ್ದಾನೆ, ಬಿಲ್ಲುಗಳನ್ನೂ ಎತ್ತಿಟ್ಟಿದ್ದಾನೆ.

ವಾಚಿನ ಜೀವ ಅಂದರೆ ಮಷೀನ್. ಜಪಾನಿನ ಸೀಕೊ ಸಮೂಹದ ಎನ್‌ಎಚ್35 ಎಂಬ ಆಟೊಮ್ಯಾಟಿಕ್ ಮಷೀನ್ ಬಿಡಿಯಾಗಿ ಸಿಗುತ್ತದೆ. ಹವ್ಯಾಸಿಗಳಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಇದಕ್ಕೇ. 24 ಜ್ಯುವೆಲ್, ಪೂರ್ತಿ ಚಾವಿ ಕೊಟ್ಟರೆ ಸುಮಾರು 41 ತಾಸಿನ ಓಟ. ಅದಕ್ಕೆ 4,200 ರೂಪಾಯಿ ಹೋಯಿತು. ಸ್ಟೀಲ್ ಕೇಸು, ಸಫೈರ್ ಗ್ಲಾಸು, ತಿರುಗುವ ಬೆಜೆಲ್ ಸೇರಿ 6,500. ಡಯಲ್ ಮತ್ತು ಮುಳ್ಳುಗಳಿಗೆ 2,600, ಸ್ಟೀಲ್ ಚೈನಿಗೆ 1,800. ಇಲ್ಲಿಗೆ 15,100. ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಹತಾರಗಳನ್ನು. ಚಿಮಟ, ಕಣ್ಣಿಗೆ ಹಚ್ಚುವ ಲೂಪು, ಸಣ್ಣ ಸ್ಕ್ರೂಡ್ರೈವರ್, ಮುಳ್ಳು ಒತ್ತುವ ಪ್ರೆಸ್, ಧೂಳು ಊದುವ ರಬ್ಬರ್ ಬುರುಡೆ ಎಂದು ಮತ್ತೆ 3,400. ಒಟ್ಟು 18,500 ರೂಪಾಯಿ.

ಅಗ್ಗದ ಬಿಡಿಭಾಗಗಳ ದೊಡ್ಡ ಸಂತೆಯಾಗಿದ್ದ ಅಲಿಎಕ್ಸ್‌ಪ್ರೆಸ್ 2020ರ ನವೆಂಬರಿನಲ್ಲಿ ದೇಶದಲ್ಲಿ ನಿಷೇಧವಾಯಿತು. ಈಗ ಇಲ್ಲಿನ ಮಾರಾಟಗಾರರಿಂದ ಕೊಳ್ಳಬೇಕು, ಇಲ್ಲವೇ ಹೊರದೇಶದಿಂದ ಪಾರ್ಸಲ್ ತರಿಸಬೇಕು. ಪಾರ್ಸಲ್ ಆದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಐಜಿಎಸ್‌ಟಿ. ಆರ್ಡರ್ ಹಾಕುವ ಮೊದಲೇ ಎರಡನ್ನೂ ಕೂಡಿಸಿ ನೋಡುವುದು ಒಳ್ಳೆಯದು.

ಕೆಲಸದಲ್ಲಿ ಕೈ ನಡುಗುವುದು ಮುಳ್ಳು ಕೂರಿಸುವ ಹೊತ್ತಿಗೆ. ಚಾವಿ ತಿರುಗಿಸುತ್ತ ಹೋಗಬೇಕು. ತಾರೀಖು ಟಕ್ಕೆಂದು ಬದಲಾದ ಕ್ಷಣವೇ ನಡುರಾತ್ರಿ. ಅಲ್ಲಿಗೆ ನಿಲ್ಲಿಸಿ, ತಾಸಿನ ಮುಳ್ಳನ್ನು ನೇರ 12ಕ್ಕೆ ಇಟ್ಟು ಒತ್ತಬೇಕು. ಅದರ ಮೇಲೆ ನಿಮಿಷದ ಮುಳ್ಳು. ಕೊನೆಗೆ ಸೆಕೆಂಡಿನದು. ಅದು ಕೂರುವ ತೂತು ಬರೀ 0.2 ಮಿಲಿಮೀಟರ್. ಲೂಪು ಇಲ್ಲದೆ ಆ ತೂತು ಕಣ್ಣಿಗೇ ಸಿಗದು. ಒಂದು ಕಡೆ ಹೆಚ್ಚು ಒತ್ತಿದರೆ ಮುಳ್ಳು ವಾಲುತ್ತದೆ, ವಾಲಿದ್ದು ಇನ್ನೊಂದಕ್ಕೆ ತಾಗಿ ವಾಚು ನಿಲ್ಲುತ್ತದೆ. ಈ ಕೆಲಸ ತೋರಿಸಿಕೊಟ್ಟ ಹಳೇ ಬಾಗಲಕೋಟೆಯ ರಿಪೇರಿಯವರು ಹೇಳಿದ್ದು ಇಷ್ಟೇ: ‘ಮುಳ್ಳ ಕೂಡ್ಸೂದು ಎಲ್ಲಾರ್ಗೂ ಬರ್ತೈತ್ರಿ ಸರ, ಒಂದಕ್ಕೊಂದ ತಾಗದಂಗ ಕೂಡ್ಸೂದು ಕಲೀಬೇಕ್ರಿ.’ ಚಾವಿಯ ಕಡ್ಡಿಯನ್ನು ಕೇಸಿನ ಅಳತೆಗೆ ಕತ್ತರಿಸುವುದೂ ಹಾಗೆಯೇ. ಗಿಡ್ಡ ಮಾಡಬಹುದು, ಉದ್ದ ಮಾಡಲಾಗದು. ಒಂದು ಕಡ್ಡಿ ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ಲೇಸು.

ಹಾಗಾದರೆ ಉಳಿದ ಒಂಬತ್ತೂ ಚಿಲ್ಲರೆ ಲಕ್ಷ ಯಾವುದಕ್ಕೆ? ರೋಲೆಕ್ಸ್ ತನ್ನ ವಾಚು ದಿನಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗದು ಎನ್ನುತ್ತದೆ. ಎನ್‌ಎಚ್35ಕ್ಕೆ ತಯಾರಕರು ಕೊಟ್ಟಿರುವ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ. ಸಬ್‌ಮರೀನರ್ 300 ಮೀಟರ್ ಆಳದ ನೀರಿಗೆ ಪರೀಕ್ಷೆಯಾಗಿ ಹೊರಬರುತ್ತದೆ. ಮನೆಯಲ್ಲಿ ಕೂಡಿಸಿದ್ದಕ್ಕೆ ಆ ಪರೀಕ್ಷೆ ಇಲ್ಲ. ಕೂಡಲಸಂಗಮದಲ್ಲಿ ಮುಳುಗು ಹಾಕುವ ಮೊದಲು ಬಿಚ್ಚಿಡಲೇಬೇಕು. ಆದರೆ ಬರೀ ಸಮಯ ಸರಿಯಾಗಿ ತೋರಿಸಲು ಸಾಧಾರಣ ಕ್ವಾರ್ಟ್ಜ್ ವಾಚೇ ಸಾಕು. ಅದರ ತಪ್ಪು ಇಡೀ ತಿಂಗಳಿಗೆ ಇಪ್ಪತ್ತು ಸೆಕೆಂಡಿನ ಒಳಗೇ ಇರುತ್ತದೆ. ಲಕ್ಷಗಳು ಹೋಗುವುದು ಕುಶಲತೆಗೆ, ಹೆಸರಿಗೆ, ಮುಂದೆ ಸಿಗುವ ಸರ್ವಿಸ್‌ಗೆ.

ಆ ಹೆಸರನ್ನು ಮಾತ್ರ ಮುಟ್ಟಬಾರದು. ಆಕಾರ ಮೆಚ್ಚಿ ಅದೇ ಧಾಟಿಯಲ್ಲಿ ಕೂಡಿಸುವುದು ಬೇರೆ, ಡಯಲ್ ಮೇಲೆ ರೋಲೆಕ್ಸ್‌ನ ಕಿರೀಟದ ಗುರುತು ಅಚ್ಚು ಹಾಕುವುದು ಬೇರೆ. ಸುಳ್ಳು ಗುರುತಿನ ಮಾಲು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಪವರ್‌ಲೂಮ್ ಸೀರೆಗೆ ಕೈಮಗ್ಗದ ಹೆಸರು ಹಚ್ಚಿ ಮಾರಿದರೆ, ಕೊಂಡಿ ಹಾಕಿ ಸೆರಗು ಜೋಡಿಸುವ ನೇಕಾರರಿಗೆ ಬೀಳುವ ಪೆಟ್ಟು ಎಂಥದ್ದೆಂದು ಇಳಕಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಅಂಕಣಕಾರನ ವಾಚಿನ ಡಯಲ್ ಮೇಲೆ ಯಾವ ಹೆಸರೂ ಇಲ್ಲ.

ಬಾದಾಮಿಯಿಂದ ಫೋನ್ ಮಾಡಿದ ಓದುಗರೊಬ್ಬರು, ದುಬಾರಿ ವಾಚಿನ ಬೆಲೆ ಏರುತ್ತಲೇ ಇರುತ್ತದಲ್ಲ, ಕಂತಿನ ಮೇಲೆ ತಗೊಳ್ಳಲೇ ಎಂದು ಕೇಳಿದರು. ಬೇಡ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ರೋಲೆಕ್ಸ್ ಬೆಲೆ 2022ರ ಮೊದಲ ತಿಂಗಳುಗಳಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯಿತು. ಕಂತಿನ ಬಡ್ಡಿ ಹಾಗೆ ಇಳಿಯುವುದಿಲ್ಲ. ಮನೆಯಲ್ಲಿ ಕೂಡಿಸಿದ್ದೂ ಹೂಡಿಕೆಯಲ್ಲ. ಮಾರಲು ಹೋದರೆ ಬಿಡಿಭಾಗಗಳ ಅಸಲೂ ಹುಟ್ಟದು. ಈ 18,500 ಕಲಿಕೆಯ ಖರ್ಚು. ತಿಂಗಳ ಉಳಿತಾಯ, ವಿಮೆ ಎಲ್ಲ ಕಟ್ಟಿ ಮಿಕ್ಕ ಹಣದಲ್ಲಿ ಮಾಡಿದರೆ ತಕ್ಕ ಖರ್ಚು.

ಕಲಿಯಬೇಕೆನ್ನುವವರು ಒಮ್ಮೆಗೇ ಹೊಸ ಭಾಗಗಳಿಗೆ ದುಡ್ಡು ಸುರಿಯದೆ, ನಿಂತುಹೋದ ಹಳೇ ಎಚ್‌ಎಂಟಿಯೊಂದನ್ನು ಬಿಚ್ಚಿ ಕೂಡಿಸಿ ನೋಡಲಿ. ಆನ್‌ಲೈನಿನಲ್ಲಿ ಬಣ್ಣಬಣ್ಣದ ಹೊಸ ಡಯಲ್ ಹಾಕಿ ಹಳೇ ಎಚ್‌ಎಂಟಿ ಎಂದು ಮಾರುವವುಗಳಲ್ಲಿ ಬಹಳಷ್ಟು ಕಾರ್ಖಾನೆಯಲ್ಲಿ ಎಂದೂ ತಯಾರಾಗದವು. ಅವುಗಳಿಗೆ ಹೆಚ್ಚಿನ ಬೆಲೆ ಕೊಡಬೇಡಿ. ಲೂಪು ಹಚ್ಚಿಕೊಂಡು ಕೂರುವ ಹಿರಿಯ ರಿಪೇರಿಯವರು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಪುಕ್ಕಟೆ ಕೇಳಬೇಡಿ. ಕಲಿಸಿದ ಹೊತ್ತಿಗೆ ತಕ್ಕ ಕೂಲಿ ಕೊಡಿ, ಅದನ್ನೂ ವಾಚಿನ ಬಜೆಟ್ಟಿನಲ್ಲಿ ಮೊದಲೇ ಬರೆದಿಡಿ.